ಲಾಗ್‌ನಲ್ಲಿ ‘ರೇಡಾರ್ ಪತ್ತೆ’ ಅಂತ ಬರುತ್ತೆ, ಲಿಂಕ್ ನಿಲ್ಲುತ್ತೆ. ಒಂದೇ ಫ್ರೀಕ್ವೆನ್ಸಿಯಲ್ಲಿ ರೇಡಾರ್, ವೈಫೈ ಎರಡೂ ಹೇಗೆ ಇರೋದು?

■ ಚಳ್ಳಕೆರೆ ಲಿಂಕು

ಎಲ್ಲರಿಗೂ ನಮಸ್ಕಾರ. ಚಳ್ಳಕೆರೆ ತಾಲ್ಲೂಕಿನ ಕೆಲವು ಹಳ್ಳಿಗಳಿಗೆ ಇಂಟರ್ನೆಟ್ ಕೊಡುವ ಕೆಲಸ ನನ್ನದು. ಫೈಬರ್ ಮುಟ್ಟದ ಕಡೆ ಟವರ್ ಮೇಲೆ 5 ಗಿಗಾಹರ್ಟ್ಸ್ ಡಿಶ್ ಕಟ್ಟಿ ಲಿಂಕ್ ಎಳೆದಿದ್ದೇನೆ. ಅದರಲ್ಲಿ ಒಂದು ಲಿಂಕ್ ಬಹಳ ಕಾಟ ಕೊಡುತ್ತಿದೆ. ಚಾನೆಲ್ 116, ಅಗಲ 40 ಮೆಗಾಹರ್ಟ್ಸ್. ಸಿಗ್ನಲ್ ಗಟ್ಟಿಯಾಗಿದೆ. ಮಧ್ಯೆ ಮರವೂ ಇಲ್ಲ, ಗುಡ್ಡವೂ ಇಲ್ಲ, ಬರೀ ಬಯಲು. ಆದರೂ ಹಗಲು ಹೊತ್ತಿನಲ್ಲಿ ಓಡುತ್ತಿರುವಾಗಲೇ ಥಟ್ಟನೆ ನಿಲ್ಲುತ್ತದೆ. ಒಂದು ನಿಮಿಷ ಏನೂ ಇಲ್ಲ. ಆಮೇಲೆ ಬೇರೆ ಚಾನೆಲ್‌ನಲ್ಲಿ ತಾನೇ ಎದ್ದು ಕೂರುತ್ತದೆ. ಲಾಗ್ ತೆಗೆದು ನೋಡಿದರೆ ‘ರೇಡಾರ್ ಪತ್ತೆ’ ಅಂತ ಒಂದೇ ಸಾಲು.

ಆ ಲಿಂಕ್ ಮೇಲೆ ಊರಿನ ಸೇವಾ ಕೇಂದ್ರ ನಡೆಯುತ್ತದೆ. ಪಹಣಿ, ಜಾತಿ–ಆದಾಯ ಸರ್ಟಿಫಿಕೇಟ್ ಅಂತ ಜನ ಸಾಲಲ್ಲಿ ನಿಂತಿರುತ್ತಾರೆ. ಅರ್ಜಿ ಅರ್ಧಕ್ಕೆ ನಿಂತರೆ ಮತ್ತೆ ಮೊದಲಿಂದ ತುಂಬಬೇಕು.

ರೇಡಿಯೊ ಮಾರಿದ ಅಂಗಡಿಯವರನ್ನು ಕೇಳಿದರೆ, ‘ಕಂಟ್ರಿ ಸೆಟ್ಟಿಂಗ್ ಬದಲಾಯಿಸಿ, ಡಿಎಫ್ಎಸ್ ಆಫ್ ಮಾಡಿ, ಎಲ್ಲರೂ ಹಾಗೇ ಮಾಡ್ತಾರೆ’ ಅಂದರು. ಡಿಎಫ್ಎಸ್ ಅಂದರೆ ರೇಡಾರ್ ಕಂಡರೆ ರೇಡಿಯೊ ತಾನೇ ಚಾನೆಲ್ ಬಿಟ್ಟುಕೊಡುವ ವ್ಯವಸ್ಥೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ರೇಡಾರ್ ಅಂದರೆ ಯಾರದೋ ಜೀವದ ಪ್ರಶ್ನೆ ಇರಬಹುದು, ಅಲ್ವಾ? ತಿಳಿದವರು ಹೇಳಿ. ನನ್ನ ಚಿಕ್ಕ ಡಿಶ್‌ನಿಂದ ಅಷ್ಟು ದೊಡ್ಡ ರೇಡಾರ್‌ಗೆ ನಿಜವಾಗಿಯೂ ತೊಂದರೆ ಆಗುತ್ತದಾ?

■ ಬೆಣ್ಣೆನಗರಿ

ಅಣ್ಣ, ಆಫ್ ಮಾಡಲೇಬೇಡಿ. ನಾನೂ ದಾವಣಗೆರೆಯಲ್ಲಿ ಇದೇ ಕೆಲಸ ಮಾಡುವವನು. ಮೊದಲು ಡಿಎಫ್ಎಸ್ ಏನು ಮಾಡುತ್ತದೆ ಅಂತ ಹೇಳುತ್ತೇನೆ.

5 ಗಿಗಾಹರ್ಟ್ಸ್‌ನ ನಡುವಿನ ಭಾಗದಲ್ಲಿ, ಅಂದರೆ ಚಾನೆಲ್ 52ರಿಂದ 64, ಮತ್ತೆ 100ರಿಂದ 144ರವರೆಗೆ, ವೈಫೈ ಬರುವ ಮುಂಚೆಯೇ ರೇಡಾರ್‌ಗಳು ಇದ್ದವು. 2003ರಲ್ಲಿ ಜಾಗತಿಕ ರೇಡಿಯೊ ಸಮ್ಮೇಳನ ವೈಫೈಗೂ ಅಲ್ಲಿ ಜಾಗ ಕೊಟ್ಟಿತು. ಷರತ್ತು ಇಷ್ಟೇ: ರೇಡಾರ್ ಇದ್ದರೆ ನೀನು ಬಿಟ್ಟು ಹೋಗಬೇಕು. ಹಾಗಾಗಿ ರೇಡಿಯೊ ಆನ್ ಆದ ಮೇಲೆ 60 ಸೆಕೆಂಡ್ ಸುಮ್ನೆ ಕೇಳಿಸಿಕೊಳ್ಳುತ್ತದೆ. ರೇಡಾರ್ ಇಲ್ಲ ಅಂತ ಖಾತ್ರಿ ಆದ ಮೇಲೆ ಮಾತು ಶುರು. ಓಡುತ್ತಿರುವಾಗ ರೇಡಾರ್ ಪಲ್ಸ್ ಕಂಡರೆ 10 ಸೆಕೆಂಡ್ ಒಳಗೆ ಆ ಚಾನೆಲ್ ಖಾಲಿ ಮಾಡಬೇಕು. ಮತ್ತೆ 30 ನಿಮಿಷ ಆ ಕಡೆ ತಲೆ ಹಾಕುವಂತಿಲ್ಲ. ನಿಮ್ಮ ಲಿಂಕ್ ಒಂದು ನಿಮಿಷ ಸಾಯುವುದು ಇದಕ್ಕೇ. ಹೊಸ ಚಾನೆಲ್‌ಗೆ ಹೋಗಿ ಅಲ್ಲೂ 60 ಸೆಕೆಂಡ್ ಕೇಳುತ್ತಿದೆ.

ಇನ್ನೊಂದು ಮಾತು. ನೀವು 116 ಅಂತ ಬರೆದಿದ್ದೀರಿ, ಆದರೆ ಅಗಲ 40. ಅಂದರೆ 116ರ ಜೊತೆ 120ನ್ನೂ ಹಿಡಿದುಕೊಂಡಿದ್ದೀರಿ. 5570ರಿಂದ 5610 ಮೆಗಾಹರ್ಟ್ಸ್‌ವರೆಗೆ ನಿಮ್ಮದು. 5600ರಿಂದ 5650 ಹವಾಮಾನ ರೇಡಾರ್‌ಗಳ ಜಾಗ. ಯುರೋಪಿನಲ್ಲಿ ಆ ತುಂಡಿನಲ್ಲಿ ಒಂದು ನಿಮಿಷ ಅಲ್ಲ, 10 ನಿಮಿಷ ಕೇಳಿದ ಮೇಲೇ ಮಾತಾಡಬೇಕು. ಅಲ್ಲಿಗೆ ಹೋಗದಿರುವುದೇ ಒಳ್ಳೆಯದು.

■ ಇಸಿ ಪಾಠ

ಚಿಕ್ಕ ಡಿಶ್‌ನಿಂದ ತೊಂದರೆ ಆಗುತ್ತದಾ ಅಂತ ಕೇಳಿದ್ದೀರಿ. ಕಾಲೇಜಿನಲ್ಲಿ ಹುಡುಗರೂ ಇದನ್ನೇ ಕೇಳುತ್ತಾರೆ. ರೇಡಾರ್ ಲಕ್ಷಗಟ್ಟಲೆ ವಾಟ್ ಬಿಡುತ್ತದೆ, ವೈಫೈ ಒಂದು ವಾಟ್ ಕೂಡ ಮುಟ್ಟುವುದಿಲ್ಲ, ಅದಕ್ಕೇನು ಆದೀತು ಅಂತ. ಉತ್ತರ ರೇಡಾರ್ ಬಿಡುವುದರಲ್ಲಿ ಇಲ್ಲ. ಅದು ಕೇಳುವುದರಲ್ಲಿ ಇದೆ.

ನಿಮ್ಮ ಲಿಂಕ್‌ನಲ್ಲಿ ಸಿಗ್ನಲ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಂದೇ ಸಲ ಹೋಗುತ್ತದೆ. ದೂರ ಎರಡು ಪಟ್ಟಾದರೆ ಶಕ್ತಿ ನಾಲ್ಕರಲ್ಲಿ ಒಂದು ಪಾಲು ಆಗುತ್ತದೆ. ರೇಡಾರ್‌ನದ್ದು ಹೋಗಿ, ಬಡಿದು, ವಾಪಸ್ ಬರಬೇಕು. ಒಂದು ವಿಮಾನದ ದೂರ ಎರಡು ಪಟ್ಟಾದರೆ ವಾಪಸ್ ಬರುವುದು ಹದಿನಾರರಲ್ಲಿ ಒಂದು ಪಾಲು. ಅದಕ್ಕೇ ಅಷ್ಟು ಜೋರಾಗಿ ಕೂಗುತ್ತದೆ. ಅದಕ್ಕೇ ಅಷ್ಟು ಸೂಕ್ಷ್ಮವಾಗಿ ಕೇಳುತ್ತದೆ. ನಮ್ಮ ಚಿತ್ರದುರ್ಗದ ಕೋಟೆಯಲ್ಲಿ ಬಂಡೆ ಕಡೆ ತಿರುಗಿ ಕೂಗಿ ಪ್ರತಿಧ್ವನಿಗೆ ಕಾಯುತ್ತೀರಿ ಅಂದುಕೊಳ್ಳಿ. ನಿಮ್ಮ ಕೂಗು ಎಷ್ಟೇ ಜೋರಿರಲಿ, ಪಕ್ಕದಲ್ಲಿ ಯಾರೋ ಮೆಲ್ಲಗೆ ಮಾತಾಡಿದರೂ ವಾಪಸ್ ಬಂದದ್ದು ಕೇಳಿಸುವುದಿಲ್ಲ.

ಲೆಕ್ಕ ಹಾಕಿ ನೋಡೋಣ. 30 ಕಿ.ಮೀ. ದೂರದಲ್ಲಿ ಒಂದು ಹವಾಮಾನ ರೇಡಾರ್ ಇದೆ, ನಿಮ್ಮ ಡಿಶ್ ನೇರ ಅದರ ಕಡೆಗೇ ಮುಖ ಮಾಡಿದೆ, ಎರಡೂ ಒಂದೇ ಫ್ರೀಕ್ವೆನ್ಸಿ. ಡಿಶ್ ಸೇರಿಸಿ ನಿಮ್ಮದು 36 ಡಿಬಿಎಂ ಅಂತಿಟ್ಟುಕೊಳ್ಳಿ. (ಡಿಬಿ ಅಂದರೆ ಎಷ್ಟು ಪಟ್ಟು ಅನ್ನುವ ಲೆಕ್ಕ, ಪ್ರತಿ 10 ಡಿಬಿಗೆ ಹತ್ತು ಪಟ್ಟು. ಡಿಬಿಎಂ ಅಂದರೆ ಒಂದು ಮಿಲಿವಾಟ್‌ಗೆ ಹೋಲಿಸಿದ ಶಕ್ತಿ.) 5.6 ಗಿಗಾಹರ್ಟ್ಸ್‌ನಲ್ಲಿ 30 ಕಿ.ಮೀ. ದಾಟುವಾಗ ಸುಮಾರು 137 ಡಿಬಿ ಕಳೆಯುತ್ತದೆ. ರೇಡಾರ್ ಆಂಟೆನಾ 45 ಡಿಬಿ ಸೇರಿಸಿಕೊಡುತ್ತದೆ. ಅಲ್ಲಿಗೆ ಮೈನಸ್ 56. ಲೆಕ್ಕಕ್ಕೆ ನಿಮ್ಮ ಸಿಗ್ನಲ್ ಅಗಲ 40ರ ಬದಲು 20 ಮೆಗಾಹರ್ಟ್ಸ್ ಅಂತ ಇಟ್ಟುಕೊಳ್ಳೋಣ, ರೇಡಾರ್ ಸುಮಾರು 1 ಮೆಗಾಹರ್ಟ್ಸ್ ಅಷ್ಟೇ ಕೇಳುತ್ತದೆ. ಆದ್ದರಿಂದ ಇನ್ನೂ 13 ಕಳೆಯಿರಿ. ಮೈನಸ್ 69. ರೇಡಾರ್‌ನ ಒಳಗಿನ ಗದ್ದಲ ಮೈನಸ್ 110ರ ಹತ್ತಿರ ಇರುತ್ತದೆ. ನಿಮ್ಮದು ಅದಕ್ಕಿಂತ 41 ಡಿಬಿ ಮೇಲೆ. ಹತ್ತು ಸಾವಿರ ಪಟ್ಟಿಗಿಂತ ಜಾಸ್ತಿ! ದೂರದ ಮಳೆಮೋಡದಿಂದ ವಾಪಸ್ ಬರುವುದು ಆ ಗದ್ದಲಕ್ಕಿಂತ ಸ್ವಲ್ಪವೇ ಮೇಲಿರುತ್ತದೆ. ಅದು ಪೂರ್ತಿ ಮುಳುಗಿ ಹೋಗುತ್ತದೆ.

ರೇಡಾರ್ ಪರದೆಯಲ್ಲಿ ಇದು ಹೇಗೆ ಕಾಣುತ್ತದೆ ಗೊತ್ತಾ? ಮಳೆ ಅಂದರೆ ಮಚ್ಚೆ ಮಚ್ಚೆಯಾಗಿ ಕಾಣುತ್ತದೆ. ವೈಫೈ ತೊಂದರೆ ಮಧ್ಯದಿಂದ ಅಂಚಿನವರೆಗೆ ಒಂದು ನೇರ ಪಟ್ಟೆಯಾಗಿ ಕಾಣುತ್ತದೆ. ಯಾಕೆಂದರೆ ವೈಫೈ ಮಾತು ನಿಲ್ಲಿಸುವುದಿಲ್ಲ. ರೇಡಾರ್‌ಗೆ ಎಲ್ಲ ದೂರದಿಂದಲೂ ಏನೋ ವಾಪಸ್ ಬಂದಂತೆ ಕಾಣುತ್ತದೆ. ಆ ದಿಕ್ಕಿನಲ್ಲಿ ನಿಜವಾದ ಮಳೆ ಇದ್ದರೂ ಕಾಣುವುದಿಲ್ಲ, ಇಲ್ಲದಿದ್ದರೂ ಇದ್ದಂತೆ ಕಾಣುತ್ತದೆ.

■ ಶೇಂಗಾ ಹೊಲ

ನಾನು ರೈತ. ಮಧ್ಯೆ ಬಾಯಿ ಹಾಕುತ್ತೇನೆ, ಕ್ಷಮಿಸಿ ಮೇಡಂ. ಇಬ್ಬರಿಗೂ ಜಗಳ ಅಂದಮೇಲೆ ಬೇರೆ ಬೇರೆ ಜಾಗ ಕೊಟ್ಟರೆ ಆಯಿತಲ್ಲ? ಹೊಲಕ್ಕೆ ಬದು ಹಾಕುವ ಹಾಗೆ.

■ ಬೆಣ್ಣೆನಗರಿ

ಮೊದಲು ಹಾಗೇ ಇತ್ತು ಅಣ್ಣ. ಈಗ ಜಾಗ ಸಾಲುತ್ತಿಲ್ಲ. ಎಲ್ಲರ ಕೈಯಲ್ಲೂ ಫೋನ್, ಎಲ್ಲರ ಮನೆಯಲ್ಲೂ ವೈಫೈ. ನಮ್ಮ ದೇಶದಲ್ಲೂ 2018ರ ಅಕ್ಟೋಬರ್‌ನಲ್ಲಿ 5 ಗಿಗಾಹರ್ಟ್ಸ್‌ನಲ್ಲಿ ಒಟ್ಟು 605 ಮೆಗಾಹರ್ಟ್ಸ್ ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟರು. ಅದಾದ ಮೇಲೆ ನಮ್ಮಂಥವರು ಹಳ್ಳಿಗೆ ಲಿಂಕ್ ಎಳೆಯುವುದು ಸುಲಭವಾಯಿತು. ಇನ್ನೊಂದು ಕಡೆ ರೇಡಾರ್ ಯಾವಾಗಲೂ ಆ ಜಾಗದಲ್ಲಿ ಕೂತಿರುವುದಿಲ್ಲ. ಹಡಗಿನ ರೇಡಾರ್ ಹಡಗು ಬಂದಾಗ ಮಾತ್ರ. ಖಾಲಿ ಇರುವಾಗ ಬೇರೆಯವರು ಬಳಸಲಿ ಅನ್ನುವುದು ತಪ್ಪಲ್ಲ.

ಅಮೆರಿಕದಲ್ಲಿ 3550ರಿಂದ 3700 ಮೆಗಾಹರ್ಟ್ಸ್ ಹೀಗೇ ಹಂಚಿಕೊಂಡಿದ್ದಾರೆ. ಅಲ್ಲಿ ನೌಕಾಪಡೆಯ ರೇಡಾರ್ ಇದೆ. ಕರಾವಳಿ ಉದ್ದಕ್ಕೂ ಕೇಳುವ ಯಂತ್ರ ಇಟ್ಟಿದ್ದಾರೆ. ಹಡಗು ಹತ್ತಿರ ಬಂದು ರೇಡಾರ್ ಆನ್ ಆದರೆ ಒಂದು ಸರ್ವರ್‌ಗೆ ಸುದ್ದಿ ಹೋಗುತ್ತದೆ. ಸರ್ವರ್ ಆ ಸುತ್ತಿನ ಟವರ್‌ಗಳನ್ನು ಬೇರೆ ಫ್ರೀಕ್ವೆನ್ಸಿಗೆ ಓಡಿಸುತ್ತದೆ. ನಿಯಮ ಮಾಡಿದ್ದು 2015ರಲ್ಲಿ, ಪೂರ್ತಿ ವ್ಯಾಪಾರಕ್ಕೆ ಬಿಟ್ಟಿದ್ದು 2020ರಲ್ಲಿ. ಡಿಎಫ್ಎಸ್‌ನಲ್ಲಿ ಪ್ರತಿ ರೇಡಿಯೊ ತಾನೇ ಕೇಳಿಸಿಕೊಳ್ಳಬೇಕು. ಇಲ್ಲಿ ಊರಿಗೆಲ್ಲ ಸೇರಿ ಒಬ್ಬರು ಕೇಳಿ ಹೇಳುತ್ತಾರೆ. ನನಗೆ ಎರಡನೆಯದೇ ಸರಿ ಅನ್ನಿಸುತ್ತದೆ. ಯಾಕೆಂದರೆ ಒಬ್ಬ ಡಿಎಫ್ಎಸ್ ಆಫ್ ಮಾಡಿದರೂ ಎಲ್ಲರೂ ಪಟ್ಟ ಶ್ರಮ ಹಾಳು.

ಇದು ಬಾಯಿ ಮಾತಲ್ಲ. 2009ರಲ್ಲಿ ಪೋರ್ಟೊ ರಿಕೊದ ಸ್ಯಾನ್ ಹುವಾನ್‌ನಲ್ಲಿ ವಿಮಾನ ನಿಲ್ದಾಣದ ಹವಾಮಾನ ರೇಡಾರ್‌ಗೆ ಇದೇ ಗತಿ ಆಯಿತು. ವಿಮಾನ ಇಳಿಯುವಾಗ ಗಾಳಿ ಇದ್ದಕ್ಕಿದ್ದಂತೆ ದಿಕ್ಕು ತಪ್ಪಿದರೆ ಎಚ್ಚರಿಸುವ ರೇಡಾರ್ ಅದು. ತೊಂದರೆ ಕೊಟ್ಟವು ನಮ್ಮ ಹಾಗೆ ಹೊರಗೆ ಕಟ್ಟಿದ 5 ಗಿಗಾಹರ್ಟ್ಸ್ ಡಿಶ್‌ಗಳು. ಅಂಗಡಿಯವರು ‘ಎಲ್ಲರೂ ಮಾಡ್ತಾರೆ’ ಅಂದಾಗ ಇದು ನೆನಪಿರಲಿ.

■ ಜೋಗಿಮಟ್ಟಿ ಗಾಳಿ

ನಾನು ಗಾಳಿಯಂತ್ರದ ಮೇಂಟೆನೆನ್ಸ್‌ನಲ್ಲಿದ್ದೆ. ಮೇಡಂ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ರೇಡಾರ್‌ಗೆ ತೊಂದರೆ ಕೊಡಲು ಸಿಗ್ನಲ್ ಬಿಡಲೇಬೇಕು ಅಂತಿಲ್ಲ. ನಮ್ಮ ದುರ್ಗದ ಗುಡ್ಡದ ಮೇಲಿನ ಫ್ಯಾನ್‌ಗಳು ಸುಮ್ನೆ ತಿರುಗಿದರೂ ಸಾಕು. ಜಗತ್ತಿನ ಬಹಳ ಕಡೆ ಹವಾಮಾನ ಇಲಾಖೆ, ವಾಯುಪಡೆಗಳಿಗೂ ಗಾಳಿಯಂತ್ರ ಹಾಕುವವರಿಗೂ ಈ ವಿಷಯದಲ್ಲಿ ಮಾತುಕತೆ ನಡೆಯುತ್ತಲೇ ಇರುತ್ತದೆ.

ಗುಡ್ಡ, ಕಟ್ಟಡ, ನೀರಿನ ಟ್ಯಾಂಕ್‌ನಿಂದಲೂ ರೇಡಾರ್‌ಗೆ ಪ್ರತಿಧ್ವನಿ ಬರುತ್ತದೆ. ಅವು ಅಲ್ಲಾಡುವುದಿಲ್ಲ, ಹಾಗಾಗಿ ಡಾಪ್ಲರ್, ಅಂದರೆ ಚಲಿಸುವ ವಸ್ತುವಿಗೆ ಬಡಿದಾಗ ಫ್ರೀಕ್ವೆನ್ಸಿಯಲ್ಲಿ ಆಗುವ ಬದಲಾವಣೆ, ನೋಡಿ ತೆಗೆದುಹಾಕುತ್ತಾರೆ. ವೇಗ ಸೊನ್ನೆ ಇದ್ದರೆ ಬಿಟ್ಟುಬಿಡು. ಆದರೆ ಫ್ಯಾನ್ ರೆಕ್ಕೆ? 80 ಮೀಟರ್ ಸುತ್ತಳತೆಯ ಯಂತ್ರ ಅಂತ ಜನ ಹೇಳುತ್ತಾರೆ, ಅದು ಸುತ್ತಳತೆ ಅಲ್ಲ, ಅಡ್ಡಗಲ. ಅಂಥದ್ದು ನಿಮಿಷಕ್ಕೆ 18 ಸುತ್ತು ತಿರುಗಿದರೆ ರೆಕ್ಕೆಯ ತುದಿ ಸೆಕೆಂಡಿಗೆ 75 ಮೀಟರ್ ಓಡುತ್ತದೆ. ಗಂಟೆಗೆ 270 ಕಿ.ಮೀ.! ಕೆಳಗೆ ಹೆದ್ದಾರಿಯಲ್ಲಿ ನಿಂತು ನೋಡಿದರೆ ಮೆಲ್ಲಗೆ ತಿರುಗುತ್ತಿದೆ ಅನ್ನಿಸುತ್ತದೆ. ರೆಕ್ಕೆಯ ಬುಡ ನಿಧಾನ, ತುದಿ ಜೋರು. ಒಂದು ರೆಕ್ಕೆ ರೇಡಾರ್ ಕಡೆ ಬರುತ್ತಿರುವಾಗ ಇನ್ನೊಂದು ದೂರ ಹೋಗುತ್ತಿರುತ್ತದೆ. ಹಾಗಾಗಿ ಎಲ್ಲ ವೇಗಗಳೂ ಒಟ್ಟಿಗೆ ಕಾಣುತ್ತವೆ. ಅದು ಮಳೆಯೋ, ಯಂತ್ರವೋ ಅಂತ ಬೇರ್ಪಡಿಸುವುದು ಕಷ್ಟ. ಗಾಳಿ ಜೋರಾಗಿ ಮಳೆ ಬರುವ ದಿನವೇ ಫ್ಯಾನ್ ಕೂಡ ಜೋರಾಗಿ ತಿರುಗುತ್ತದೆ.

ಲಿಂಕು ಅಣ್ಣ, ನಿಮ್ಮ ಡಿಶ್‌ನ ನೇರಕ್ಕೆ ಫ್ಯಾನ್ ಬರುತ್ತದಾ ಅಂತ ಒಮ್ಮೆ ನೋಡಿ. ರೆಕ್ಕೆ ಅಡ್ಡ ಬಂದಾಗಲೆಲ್ಲ ಸಿಗ್ನಲ್ ಏರಿಳಿಯುತ್ತದೆ. ಅದಕ್ಕೆ ‘ರೇಡಾರ್ ಪತ್ತೆ’ ಅಂತ ಬರುವುದಿಲ್ಲ, ಆದರೆ ಸ್ಪೀಡ್ ಕುಸಿಯುತ್ತದೆ.

■ ಚಳ್ಳಕೆರೆ ಲಿಂಕು

ನಮ್ಮ ಕಡೆ ಫ್ಯಾನ್ ಇಲ್ಲ. ಎಲ್ಲರಿಗೂ ಥ್ಯಾಂಕ್ಸ್. ಆದರೆ ಒಂದು ಅನುಮಾನ ಉಳಿಯಿತು. ಲಾಗ್ ‘ರೇಡಾರ್’ ಅಂದ ಮಾತ್ರಕ್ಕೆ ನಿಜವಾಗಿಯೂ ರೇಡಾರೇನಾ?

■ ಹಿರಿಯೂರು ರೋಡ್

ಅನುಮಾನ ಯಾಕೆ? ನಾಯಕನಹಟ್ಟಿ ಕಡೆ ಡಿಆರ್‌ಡಿಒ ಟೆಸ್ಟ್ ರೇಂಜ್ ಇದೆಯಲ್ಲ. ಅಲ್ಲಿಂದಲೇ ಬರುತ್ತಿರಬೇಕು.

■ ನಿರ್ವಾಹಕ

ದಯವಿಟ್ಟು ಯಾವ ಸಂಸ್ಥೆ ಯಾವ ರೇಡಾರ್ ಯಾವಾಗ ಓಡಿಸುತ್ತದೆ ಅಂತ ಊಹೆ ಮಾಡಿ ಬರೆಯಬೇಡಿ. ಅದು ರಕ್ಷಣಾ ವಿಷಯ. ಎಲ್ಲರಿಗೂ ತಿಳಿದ, ಸಂಸ್ಥೆಗಳೇ ಹೊರಗೆ ಹೇಳಿದ ಸಂಗತಿ ಬರೆಯಲು ಅಡ್ಡಿ ಇಲ್ಲ.

■ ಇಸಿ ಪಾಠ

ನಿರ್ವಾಹಕರು ಹೇಳಿದ್ದು ಸರಿ. ಹೊರಗೆ ಹೇಳಿದ್ದೇ ಎಷ್ಟೊಂದಿದೆ! 2023ರ ಏಪ್ರಿಲ್ 2ರ ಬೆಳಿಗ್ಗೆ ಇಸ್ರೋ ಅದೇ ರೇಂಜ್‌ನಲ್ಲಿ ಮರುಬಳಕೆ ರಾಕೆಟ್‌ನ ಇಳಿಯುವ ಪರೀಕ್ಷೆ ಮಾಡಿತು. ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಅದನ್ನು ನಾಲ್ಕೂವರೆ ಕಿ.ಮೀ. ಎತ್ತರಕ್ಕೆ ಒಯ್ದು ಬಿಟ್ಟಿತು. ಅದು ತಾನೇ ದಾರಿ ಹುಡುಕಿ ರನ್‌ವೇ ಮೇಲೆ ಇಳಿಯಿತು. 2024ರಲ್ಲಿ ಮಾರ್ಚ್ ಮತ್ತು ಜೂನ್‌ನಲ್ಲಿ ಇನ್ನೆರಡು ಸಲ ಇಳಿಸಿದರು.

ನನಗೆ ಅದರಲ್ಲಿ ಇಷ್ಟವಾದ ವಿಷಯ ಬೇರೆ. ಆ ಚಿಕ್ಕ ವಾಹನದ ಒಳಗೆ ನೆಲ ಎಷ್ಟು ದೂರ ಅಂತ ಅಳೆಯುವ ರೇಡಾರ್ ಆಲ್ಟಿಮೀಟರ್ ಇತ್ತು, ಬಹಳ ಹೆಚ್ಚಿನ ಫ್ರೀಕ್ವೆನ್ಸಿಯ ಕೆಎ ಬ್ಯಾಂಡ್‌ನದ್ದು. ನಮ್ಮದೇ ಉಪಗ್ರಹಗಳಿಂದ ಜಾಗ ತಿಳಿಯುವ ನಾವಿಕ್ ರಿಸೀವರ್ ಇತ್ತು. ಅದಕ್ಕೆ ಒತ್ತಾಸೆಯಾಗಿ ಸ್ಯೂಡೊಲೈಟ್, ಅಂದರೆ ನೆಲದಿಂದಲೇ ಉಪಗ್ರಹದ ಹಾಗೆ ಸಿಗ್ನಲ್ ಕಳಿಸುವ ವ್ಯವಸ್ಥೆಯೂ ಇತ್ತು. ಉಪಗ್ರಹದ ಸಿಗ್ನಲ್ ನೆಲ ಮುಟ್ಟುವಾಗ ರೇಡಾರ್ ಪ್ರತಿಧ್ವನಿಯ ಹಾಗೇ ಬಹಳ ಕ್ಷೀಣ. ಆ ರೇಡಾರ್ ಮತ್ತು ಈ ಸಿಗ್ನಲ್ ಕೇಳುವ ಯಂತ್ರಗಳು ಒಂದೇ ದೇಹದಲ್ಲಿ, ಕೈಯಳತೆ ದೂರದಲ್ಲಿ ಕೂತು, ಒಂದಕ್ಕೊಂದು ಅಡ್ಡ ಬರದೆ ಕೆಲಸ ಮಾಡಬೇಕು. ನಾವು ಇಲ್ಲಿ ಮಾತಾಡುತ್ತಿರುವ ಪ್ರಶ್ನೆಯೇ ಅದು. ನಮ್ಮ ಜಿಲ್ಲೆಯ ನೆಲದಲ್ಲೇ ಅದಕ್ಕೆ ಉತ್ತರ ಕಂಡುಕೊಂಡಿದ್ದಾರೆ ಅಂದರೆ ನನಗೆ ಹೆಮ್ಮೆ.

■ ಬೆಣ್ಣೆನಗರಿ

ಲಿಂಕು ಅಣ್ಣನ ಪ್ರಶ್ನೆಗೆ ಬರುತ್ತೇನೆ. ರೇಡಾರೇ ಅಲ್ಲದೆ ಇರಬಹುದು, ಖಂಡಿತ. ರೇಡಿಯೊ ಹುಡುಕುವುದು ಒಂದು ಗುರುತನ್ನು: ಮೈಕ್ರೊಸೆಕೆಂಡ್ ಲೆಕ್ಕದ ಚಿಕ್ಕ ಪಲ್ಸ್, ಸಮ ಅಂತರದಲ್ಲಿ ಮತ್ತೆ ಮತ್ತೆ. ಪಕ್ಕದಲ್ಲೇ ಇನ್ನೊಂದು ಡಿಶ್ ಜೋರಾಗಿ ಓಡುತ್ತಿದ್ದರೆ ಅದರ ಸಿಗ್ನಲ್ ಪಕ್ಕದ ಚಾನೆಲ್‌ಗೂ ಸೋರಿ ಬಂದು ಪಲ್ಸ್ ಹಾಗೆ ಕಾಣುತ್ತದೆ. ನಿಮ್ಮದೇ ಸಿಗ್ನಲ್ ತೀರಾ ಜೋರಿದ್ದರೂ ಹೀಗಾಗುತ್ತದೆ.

ಪರೀಕ್ಷೆ ಸುಲಭ. ನಿಮ್ಮ ಬೇರೆ ಟವರ್‌ನಲ್ಲೂ ಒಂದು ರೇಡಿಯೊವನ್ನು ಅದೇ ಚಾನೆಲ್‌ಗೆ ಹಾಕಿ. ಎರಡರ ಗಡಿಯಾರವೂ ಸರಿ ಇರಲಿ. ಇಬ್ಬರೂ ಒಂದೇ ಹೊತ್ತಿಗೆ ‘ಪತ್ತೆ’ ಅಂದರೆ ರೇಡಾರ್ ಇರುವ ಸಾಧ್ಯತೆ ಜಾಸ್ತಿ. ಒಬ್ಬನೇ ಅಂದರೆ ಆ ಟವರ್ ಹತ್ತಿ ನೋಡಿ.

■ ಹೊಳಲ್ಕೆರೆ ವಿದ್ಯಾರ್ಥಿ

5ಜಿ ಬಂದಾಗ ವಿಮಾನಕ್ಕೆ ಅಪಾಯ ಅಂತ ಸುದ್ದಿ ಓದಿದ್ದೆ. ಶಿವಮೊಗ್ಗದಲ್ಲಿ ಏರ್‌ಪೋರ್ಟ್ ಆಗಿದೆ. ಅಲ್ಲೂ ಇದೇ ಸಮಸ್ಯೆನಾ ಮೇಡಂ?

■ ಇಸಿ ಪಾಠ

ಅದೇ ಜಾತಿಯದು. ವಿಮಾನದ ರೇಡಾರ್ ಆಲ್ಟಿಮೀಟರ್ 4200ರಿಂದ 4400 ಮೆಗಾಹರ್ಟ್ಸ್‌ನಲ್ಲಿ ಇರುತ್ತದೆ. ಅಮೆರಿಕದಲ್ಲಿ 5ಜಿ 3980ರವರೆಗೆ ಬಂತು. ಮಧ್ಯೆ 220 ಮಾತ್ರ ಉಳಿಯಿತು. 2022ರ ಜನವರಿಯಲ್ಲಿ ಏರ್ ಇಂಡಿಯಾ ಕೂಡ ಅಲ್ಲಿಗೆ ಕೆಲವು ವಿಮಾನ ನಿಲ್ಲಿಸಿತ್ತು. ನಮ್ಮಲ್ಲಿ 5ಜಿ 3670ಕ್ಕೆ ಮುಗಿಯುತ್ತದೆ. ಮಧ್ಯೆ 530 ಇದೆ. ಆದರೂ 2022ರ ನವೆಂಬರ್‌ನಲ್ಲಿ ದೂರಸಂಪರ್ಕ ಇಲಾಖೆ ರನ್‌ವೇ ಎರಡೂ ತುದಿಯಿಂದ 2.1 ಕಿ.ಮೀ., ಮಧ್ಯದ ಗೆರೆಯಿಂದ 910 ಮೀಟರ್ ಒಳಗೆ ಆ ಬ್ಯಾಂಡ್‌ನ 5ಜಿ ಟವರ್ ಹಾಕಬೇಡಿ ಅಂತ ಕಂಪನಿಗಳಿಗೆ ಹೇಳಿತು.

ಕೆಳಗಿನ ಅಂಚಿನಲ್ಲೂ ನೆರೆಹೊರೆ ಇದೆ. ನಮ್ಮ 5ಜಿ 3300ಕ್ಕೆ ಶುರು. 2025ರ ಜುಲೈ 30ರಂದು ಹಾರಿದ ನಿಸಾರ್ ಉಪಗ್ರಹದಲ್ಲಿ ಇಸ್ರೋ ಮಾಡಿದ ಎಸ್ ಬ್ಯಾಂಡ್ ರೇಡಾರ್ ಇದೆ. ಅದು 3200ರ ಆಸುಪಾಸು. ಏಳುನೂರು ಕಿ.ಮೀ.ಗೂ ಮೇಲಿಂದ ನೆಲದ ತೇವ, ಬೆಳೆ ನೋಡುವ ರೇಡಾರ್ ಅದು. ಶೇಂಗಾ ಹೊಲದ ಅಣ್ಣ, ನಿಮ್ಮ ಹೊಲದ ಪ್ರತಿಧ್ವನಿಯನ್ನೂ ಅದು ಕೇಳುತ್ತದೆ. ಅಂಚು ಸೋರದ ಹಾಗೆ ಟವರ್‌ನಲ್ಲಿ ಒಳ್ಳೆಯ ಫಿಲ್ಟರ್ ಹಾಕುವುದು ಯಾಕೆ ಮುಖ್ಯ ಅಂತ ಇದರಿಂದ ತಿಳಿಯಿರಿ.

■ ಹೊಳಲ್ಕೆರೆ ವಿದ್ಯಾರ್ಥಿ

ಇನ್ನೊಂದೇ ಪ್ರಶ್ನೆ. 6ಜಿಯಲ್ಲಿ ಟವರೇ ರೇಡಾರ್ ಆಗುತ್ತದೆ ಅಂತಾರೆ. ಪ್ರಾಜೆಕ್ಟ್‌ಗೆ ಇದನ್ನೇ ತೆಗೆದುಕೊಳ್ಳಬೇಕು ಅಂತಿದ್ದೇನೆ.

■ ಇಸಿ ಪಾಠ

ತಗೊಳ್ಳಿ, ಒಳ್ಳೆಯ ವಿಷಯ. 2023ರ ನವೆಂಬರ್‌ನಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 6ಜಿಯ ಚೌಕಟ್ಟು ಹೊರತಂದಿತು. ಅದರ ಆರು ಬಳಕೆಗಳಲ್ಲಿ ಇದೂ ಒಂದು: ಮಾತು ಮತ್ತು ಪತ್ತೆ ಎರಡೂ ಒಂದೇ ಸಿಗ್ನಲ್‌ನಲ್ಲಿ.

ಯೋಚನೆ ಹೊಸದಲ್ಲ. 1935ರ ಫೆಬ್ರವರಿ 26ರಂದು ಬ್ರಿಟನ್ನಿನಲ್ಲಿ ವಾಟ್ಸನ್-ವಾಟ್ ತಂಡ ಬಿಬಿಸಿಯ ಶಾರ್ಟ್‌ವೇವ್ ಪ್ರಸಾರವನ್ನೇ ಬಳಸಿ ವಿಮಾನ ಪತ್ತೆ ಮಾಡಿ ತೋರಿಸಿತು. ನಮ್ಮ ಆಕಾಶವಾಣಿ ಚಿತ್ರದುರ್ಗದ ಎಫ್ಎಂ ಸಿಗ್ನಲ್ ಕೂಡ ಆಕಾಶದಲ್ಲಿ ಹೋಗುವ ವಿಮಾನಕ್ಕೆ ಬಡಿದು ಚದುರುತ್ತದೆ. ಅದನ್ನು ಹಿಡಿದರೆ ಅದೂ ರೇಡಾರ್. ಆದರೆ ಎಷ್ಟು ಸ್ಪಷ್ಟ? ಬೆಳಕಿನ ವೇಗವನ್ನು ಸಿಗ್ನಲ್ ಅಗಲದ ಎರಡರಷ್ಟರಿಂದ ಭಾಗಿಸಿ. ಎಫ್ಎಂ 150 ಕಿಲೊಹರ್ಟ್ಸ್ ಅಂದರೆ ಒಂದು ಕಿ.ಮೀ. ಅಕ್ಕಪಕ್ಕದ ಎರಡು ವಿಮಾನ ಒಂದೇ ಆಗಿ ಕಾಣುತ್ತವೆ. ಅದೂ ಹಾಡು ಬರುತ್ತಿದ್ದರೆ ಮಾತ್ರ. ವಾರ್ತೆ ಓದುವವರು ಉಸಿರು ತೆಗೆದುಕೊಳ್ಳಲು ನಿಂತರೆ ಸಿಗ್ನಲ್ ಸಣ್ಣಗಾಗಿ ರೇಡಾರ್ ಇನ್ನೂ ಮಂಜಾಗುತ್ತದೆ. 5ಜಿ 100 ಮೆಗಾಹರ್ಟ್ಸ್ ಅಂದರೆ ಒಂದೂವರೆ ಮೀಟರ್. ಈಗ ಕಾರು, ಎತ್ತಿನ ಗಾಡಿ ಬೇರೆ ಬೇರೆ ಕಾಣುತ್ತವೆ.

ಟವರ್‌ಗೆ ಒಂದು ಅನುಕೂಲ ಇದೆ. ತಾನು ಏನು ಕಳಿಸಿದೆ ಅಂತ ಅದಕ್ಕೆ ಗೊತ್ತು. ವಾಪಸ್ ಬಂದದ್ದನ್ನು ಕಳಿಸಿದ್ದರಿಂದ ಭಾಗಿಸಿದರೆ ನಮ್ಮ ನಿಮ್ಮ ಡೇಟಾ ಅಳಿಸಿಹೋಗಿ ದೂರ, ವೇಗ ಉಳಿಯುತ್ತದೆ. ಕಷ್ಟ ಇರುವುದು ಬೇರೆ ಕಡೆ. ಟವರ್ ಮಾತಾಡುತ್ತಲೇ ಕೇಳಬೇಕು. ತನ್ನದೇ ಸಿಗ್ನಲ್ ತನ್ನ ಕಿವಿಗೆ ನೇರ ನುಗ್ಗುತ್ತದೆ. ಅದನ್ನು ಹೇಗೆ ತಡೆಯುವುದು ಅನ್ನುವುದನ್ನೇ ಪ್ರಾಜೆಕ್ಟ್ ಮಾಡಿ.

■ ಶೇಂಗಾ ಹೊಲ

ಮೇಡಂ, ಹಾಗಾದರೆ ಟವರ್‌ಗೆ ನಾನು ಮನೆಯಿಂದ ಹೊಲಕ್ಕೆ ಹೋಗುವುದೂ ಕಾಣುತ್ತದೆ. ಫೋನ್ ಮನೆಯಲ್ಲಿ ಬಿಟ್ಟು ಹೋದರೂ. ಅದು ನನಗೆ ಇಷ್ಟವಿಲ್ಲ.

■ ಇಸಿ ಪಾಠ

ನಿಮ್ಮ ಮಾತು ಪೂರ್ತಿ ಸರಿ ಅಣ್ಣ. ಯಾರು ನೋಡಬಹುದು, ಎಷ್ಟು ದಿನ ಇಟ್ಟುಕೊಳ್ಳಬಹುದು ಅಂತ ಕಾನೂನು ಮೊದಲು ಬರಬೇಕು, ಟವರ್ ಆಮೇಲೆ. ಪ್ರಾಜೆಕ್ಟ್ ರಿಪೋರ್ಟ್‌ನಲ್ಲಿ ಇದಕ್ಕೂ ಒಂದು ಅಧ್ಯಾಯ ಇರಲಿ ಅಂತ ಹುಡುಗನಿಗೆ ಹೇಳುತ್ತೇನೆ.

■ ಚಳ್ಳಕೆರೆ ಲಿಂಕು

ಕಾರಣ ಸಿಕ್ಕಿತು! ಬೆಣ್ಣೆನಗರಿ ಅಣ್ಣ ಹೇಳಿದ ಹಾಗೆ ಎರಡು ಟವರ್‌ನಲ್ಲಿ ಒಂದೇ ಚಾನೆಲ್ ಇಟ್ಟು ಲಾಗ್ ಹೋಲಿಸಿದೆ. ಇನ್ನೊಂದು ಟವರ್ ಏನೂ ಹೇಳಲಿಲ್ಲ. ಇಲ್ಲಿ ಮಾತ್ರ ‘ಪತ್ತೆ’. ಹತ್ತಿ ನೋಡಿದರೆ ನನ್ನ ಡಿಶ್ ಕೆಳಗೆ ಮೊಳದಷ್ಟು ದೂರದಲ್ಲಿ ಇನ್ನೊಬ್ಬರ ಡಿಶ್, ಪಕ್ಕದ ಚಾನೆಲ್‌ನಲ್ಲಿ, ಪೂರ್ತಿ ಪವರ್‌ನಲ್ಲಿ. ಅವರ ಲಿಂಕ್ ಹಗಲು ಜಾಸ್ತಿ ಓಡುತ್ತದೆ, ನನ್ನದು ಹಗಲೇ ಬೀಳುತ್ತಿತ್ತು. ಅವರ ಜೊತೆ ಮಾತಾಡಿದೆ. ಒಳ್ಳೆಯವರು, ಡಿಶ್‌ನ್ನು ಟವರ್‌ನ ಇನ್ನೊಂದು ಕಾಲಿಗೆ ಕಟ್ಟಿಕೊಂಡರು. ಇಬ್ಬರೂ ಪವರ್ ಇಳಿಸಿದೆವು, ಚಾನೆಲ್ ದೂರ ಮಾಡಿಕೊಂಡೆವು. ನಾನು ಅಗಲ 20ಕ್ಕೆ ತಂದೆ. 5600ರಿಂದ 5650 ಪೂರ್ತಿ ಬಿಟ್ಟುಬಿಟ್ಟೆ. ಡಿಎಫ್ಎಸ್ ಆನ್ ಇದೆ, ಕಂಟ್ರಿ ಇಂಡಿಯಾ ಅಂತಲೇ ಇದೆ. ಸೇವಾ ಕೇಂದ್ರದವರು ಈಗ ಫೋನ್ ಮಾಡುತ್ತಿಲ್ಲ.

■ ಮೊಳಕಾಲ್ಮೂರು ನೆಟ್

ನನಗೂ ಇದೇ ಸಾಲು ಬರುತ್ತಿದೆ ಸರ್. ಆದರೆ ನನ್ನ ಟವರ್‌ನಲ್ಲಿ ಬೇರೆಯವರ ಡಿಶ್ ಇಲ್ಲ. ಎರಡು ಊರಲ್ಲಿ ಒಂದೇ ಹೊತ್ತಿಗೆ ಬರುತ್ತದೆ.

■ ಬೆಣ್ಣೆನಗರಿ

ಹಾಗಾದರೆ ನಿಜವಾದ ರೇಡಾರ್ ಇರಬಹುದು. ಆ ಚಾನೆಲ್ ಬಿಡಿ. ಅಮೆರಿಕದ ನಿಯಮದಲ್ಲಿ 36ರಿಂದ 48, ಮತ್ತೆ 149ರ ಮೇಲೆ ಡಿಎಫ್ಎಸ್ ಇಲ್ಲ. ನಿಮ್ಮ ರೇಡಿಯೊದಲ್ಲಿ ಇಂಡಿಯಾ ಅಂತ ಇಟ್ಟಾಗ ಏನು ತೋರಿಸುತ್ತದೆ ನೋಡಿ, ಅಲ್ಲಿ ಜಾಗ ಇದ್ದರೆ ಅಲ್ಲಿಗೆ ಹೋಗಿ. ಎರಡೂ ಊರಿನ ಲಾಗ್ ಖಾಸಗಿಯಾಗಿ ನನಗೆ ಕಳಿಸಿ, ಇಲ್ಲಿ ಹಾಕಬೇಡಿ. ಫ್ರೀಕ್ವೆನ್ಸಿ ಮತ್ತು ಹೊತ್ತು ಎರಡೂ ಇರಲಿ.